ಕಾಡಿನ ಹಂಗು ತೊರೆದ ಮೆಥನಾಲ್

ಬಣ್ಣ, ವಾರ್ನಿಷ್‌ಗಳನ್ನು ಕರಗಿಸಲು ಬಳಸುವ ಮೆಥನಾಲ್‌ಗೆ ಹಿಂದೆ 'ಮರದ ಸ್ಪಿರಿಟ್' ಎಂಬ ಹೆಸರಿತ್ತು. ಕುಡಿದರೆ ಕಣ್ಣನ್ನೂ ಪ್ರಾಣವನ್ನೂ ಕಸಿಯುವ ಈ ದ್ರವ ಆಗ ಸಿಗುತ್ತಿದ್ದುದು ಸೌದೆಯಿಂದ. ಗಾಳಿಯಾಡದಂತೆ ಮುಚ್ಚಿದ ಪಾತ್ರೆಯಲ್ಲಿ ಮರವನ್ನು ಕಾಯಿಸಿದರೆ ಇದ್ದಿಲು ಉಳಿಯುತ್ತದೆ. ಹೊರಬರುವ ಹೊಗೆಯನ್ನು ತಣಿಸಿದರೆ ಟಾರು, ಅಸಿಟಿಕ್ ಆಮ್ಲಗಳ ಜತೆಗೆ ತುಸು ಮೆಥನಾಲ್ ದೊರೆಯುತ್ತದೆ.

ಮೈಸೂರು ಸರ್ಕಾರ ಭದ್ರಾವತಿಯಲ್ಲಿ ಕಬ್ಬಿಣದ ಕಾರ್ಖಾನೆ ಕಟ್ಟಿದಾಗ ಹಾಕಿದ ಲೆಕ್ಕವೂ ಇದೇ. ಮಲೆನಾಡಿನ ಸೌದೆಯ ಇದ್ದಿಲು ಕುಲುಮೆಗೆ, ಬಟ್ಟಿ ಇಳಿಸಿದ ಉಪ ಉತ್ಪನ್ನಗಳು ಮಾರುಕಟ್ಟೆಗೆ. ಅಲ್ಲಿ ಕಬ್ಬಿಣದ ತಯಾರಿಕೆ ಆರಂಭವಾದದ್ದು 1923ರ ಜನವರಿಯಲ್ಲಿ.

ಅದೇ ವರ್ಷದ ಸೆಪ್ಟೆಂಬರಿನಲ್ಲಿ ಜರ್ಮನಿಯ ಲಾಯ್ನಾದಲ್ಲಿ ಬಿಎಎಸ್‌ಎಫ್ ಕಂಪನಿ ಮರದ ಹಂಗಿಲ್ಲದೆ ಮೆಥನಾಲ್ ತಯಾರಿಸತೊಡಗಿತು. ಮತ್ತಿಯಾಸ್ ಪಿಯರ್ ಮತ್ತು ಸಂಗಡಿಗರ ವಿಧಾನವದು. ಕಲ್ಲಿದ್ದಲಿನಿಂದ ಪಡೆದ ಕಾರ್ಬನ್ ಮಾನಾಕ್ಸೈಡ್ ಹಾಗೂ ಜಲಜನಕವನ್ನು ಸತು ಮತ್ತು ಕ್ರೋಮಿಯಂ ಆಕ್ಸೈಡುಗಳ ಮೇಲೆ ಹಾಯಿಸುತ್ತಿದ್ದರು. ಈ ಆಕ್ಸೈಡುಗಳೇ ವೇಗವರ್ಧಕ. ಕ್ರಿಯೆಯನ್ನು ಚುರುಕುಗೊಳಿಸಿ ತಾವು ಮಾತ್ರ ಖರ್ಚಾಗದೆ ಉಳಿಯುತ್ತವೆ. ಆದರೂ 300ರಿಂದ 400 ಡಿಗ್ರಿ ಸೆಲ್ಸಿಯಸ್ ಕಾವು, ವಾತಾವರಣದ 250 ಪಟ್ಟಿಗೂ ಮೀರಿದ ಒತ್ತಡ ಬೇಕಾಗುತ್ತಿತ್ತು.

1925ರಲ್ಲಿ ಅಗ್ಗದ ಜರ್ಮನ್ ಮೆಥನಾಲ್ ಅಮೆರಿಕದ ಬಂದರುಗಳಿಗೆ ಬಂದಿಳಿದಾಗ ಅಲ್ಲಿನ ಮರ ಬಟ್ಟಿ ಉದ್ಯಮ ತತ್ತರಿಸಿತು. ಸೌದೆಯನ್ನೇ ನಂಬಿದ ಭದ್ರಾವತಿಯಂಥ ಘಟಕಗಳ ಮುಂದೆಯೂ ಅದೇ ಪೈಪೋಟಿ ನಿಂತಿತು.

ತಾಮ್ರ ಇನ್ನೂ ಸಮರ್ಥ ವೇಗವರ್ಧಕವೆಂಬುದು ತಿಳಿದಿತ್ತು. ಆದರೆ ಅನಿಲದಲ್ಲಿರುವ ಗಂಧಕ ಅದನ್ನು ಕೆಡಿಸುತ್ತಿತ್ತು. ಗಂಧಕವಿಲ್ಲದ ಶುದ್ಧ ಅನಿಲ ದೊರೆತ ಮೇಲೆ, 1966ರಲ್ಲಿ ಇಂಗ್ಲೆಂಡಿನ ಐಸಿಐ ಕಂಪನಿ ತಾಮ್ರವನ್ನು ಬಳಸಿ ಒತ್ತಡವನ್ನು 50ರಿಂದ 100 ಪಟ್ಟಿಗೆ ಇಳಿಸಿತು. ಇಂದಿಗೂ ಮೆಥನಾಲ್ ಕಾರ್ಖಾನೆಗಳು ಹೆಚ್ಚಾಗಿ ನೆಚ್ಚಿರುವುದು ಅದೇ ತಾಮ್ರವನ್ನು. ಕಾಡಿನ ನಂಟು ಉಳಿದಿರುವುದು ಹಳೆಯ ಹೆಸರಿನಲ್ಲಷ್ಟೇ.