ಸಪೆಲೊ ದ್ವೀಪದ ಬಿಲಾಲಿ

ಅಮೆರಿಕದ ಆಗ್ನೇಯ ಮೂಲೆಯಲ್ಲಿರುವ ಜಾರ್ಜಿಯ ರಾಜ್ಯದ ಕಡಲಂಚು ಸುಮಾರು 160 ಕಿಲೋಮೀಟರ್ ಮಾತ್ರ. ಆದರೆ ಅಲ್ಲಿ ನೆಲ ಎಲ್ಲಿ ಮುಗಿಯಿತು, ನೀರು ಎಲ್ಲಿ ಶುರುವಾಯಿತು ಎಂದು ಹೇಳುವುದು ಕಷ್ಟ. ಭರತದ ನೀರು ಆರರಿಂದ ಒಂಬತ್ತು ಅಡಿ ಏರಿ ಹುಲ್ಲು ಬೆಳೆದ ಉಪ್ಪು ಜೌಗಿನೊಳಗೆ ನುಗ್ಗುತ್ತದೆ, ಮತ್ತೆ ಹಿಂದೆ ಸರಿಯುತ್ತದೆ. ಜೌಗಿನಾಚೆ ಸಾಲು ದ್ವೀಪಗಳು. ಅವುಗಳಲ್ಲೊಂದು ಸಪೆಲೊ. ಇಂದಿಗೂ ಅಲ್ಲಿಗೆ ಸೇತುವೆ ಇಲ್ಲ.

ಜೇಮ್ಸ್ ಓಗಲ್‌ಥೋರ್ಪ್ 1733ರಲ್ಲಿ ಸವಾನಾ ಪಟ್ಟಣ ಕಟ್ಟಿದ. ಎರಡು ವರ್ಷಗಳ ನಂತರ ಈ ವಸಾಹತಿನಲ್ಲಿ ಗುಲಾಮಗಿರಿಯನ್ನೇ ನಿಷೇಧಿಸಲಾಯಿತು. ಇದಕ್ಕೆ ಕರುಣೆಯಷ್ಟೇ ಕಾರಣವಲ್ಲ, ಪಕ್ಕದ ಫ್ಲಾರಿಡಾದಲ್ಲಿದ್ದ ಸ್ಪೇನಿನವರ ಭಯವೂ ಇತ್ತು. ಆದರೆ ದಕ್ಷಿಣ ಕೆರೊಲಿನಾದ ಭತ್ತದ ಒಡೆಯರ ಸಿರಿ ಕಂಡವರು ಸುಮ್ಮನಿರಲಿಲ್ಲ. 1751ರಲ್ಲಿ ನಿಷೇಧ ಹೋಯಿತು. ಭತ್ತದ ಕೃಷಿ ಬಲ್ಲ ಪಶ್ಚಿಮ ಆಫ್ರಿಕಾದವರಿಗೆ ಬೆಲೆ ಬಂತು. ಹಾಗೆ ಹಿಡಿದು ತಂದವರಲ್ಲಿ ಕುರ್‌ಆನ್ ಕಲಿತವರೂ ಇದ್ದರು.

ಬಿಲಾಲಿ ಮುಹಮ್ಮದ್ ಅಂಥವನು. ಈಗಿನ ಗಿನಿ ದೇಶದ ಫುಟಾ ಜಲ್ಲೋನ್‌ನವನು. ಹುಡುಗನಾಗಿದ್ದಾಗಲೇ ಸೆರೆಸಿಕ್ಕು, ಬಹಾಮಾ ದ್ವೀಪಗಳ ಮೂಲಕ ಸಪೆಲೊದ ಒಡೆಯ ಥಾಮಸ್ ಸ್ಪಾಲ್ಡಿಂಗ್‌ನ ಕೈಸೇರಿದ. ಅಲ್ಲಿ ಇತರ ಗುಲಾಮರ ಮೇಲ್ವಿಚಾರಕನಾದ. ನಮ್ಮವನೆಂಬ ಅಭಿಮಾನದಲ್ಲಿ ಈ ಮಾತನ್ನು ಮುಚ್ಚಿಟ್ಟು ಅವನನ್ನು ವಲಿಯಾಗಿಸುವುದು ಬೇಡ. ಒಡೆಯನ ಕೆಲಸವನ್ನು ಗುಲಾಮರಿಂದ ಮಾಡಿಸುವುದೇ ಅವನ ಕೆಲಸವಾಗಿತ್ತು. 1812ರಲ್ಲಿ ಶುರುವಾದ ಯುದ್ಧದ ಕಾಲದಲ್ಲಿ ಸ್ಪಾಲ್ಡಿಂಗ್ ಸುಮಾರು 80 ಗುಲಾಮರಿಗೆ ಬಂದೂಕು ಕೊಟ್ಟು ಅವನ ಕೈಕೆಳಗೆ ನಿಲ್ಲಿಸಿದ್ದನಂತೆ.

ಅವನು ಬಿಟ್ಟುಹೋದದ್ದು ಅರಬಿಯಲ್ಲಿ ಬರೆದ 13 ಪುಟಗಳು. ಅದು ದಿನಚರಿ ಇರಬೇಕು, ತೋಟದ ಲೆಕ್ಕವಿರಬೇಕು ಎಂದು ಬಿಳಿಯರು ಬಹುಕಾಲ ನಂಬಿದ್ದರು. ಗುಲಾಮನೊಬ್ಬ ಬರೆದರೆ ಒಡೆಯನ ಲೆಕ್ಕವನ್ನಲ್ಲದೆ ಇನ್ನೇನು ಬರೆದಾನು! ಭಾಷಾಶಾಸ್ತ್ರಜ್ಞ ಜೋಸೆಫ್ ಗ್ರೀನ್‌ಬರ್ಗ್ ಅದನ್ನು ಆಫ್ರಿಕಾದ ಆಲಿಮರಿಗೆ ತೋರಿಸಿ, ಅದೇನೆಂದು 1940ರಲ್ಲಿ ಪ್ರಕಟಿಸಿದ. ಹತ್ತನೇ ಶತಮಾನದ ಮಾಲಿಕಿ ಪಂಡಿತ ಇಬ್ನ್ ಅಬೀ ಝೈದ್ ಅಲ್ ಕೈರವಾನಿಯ 'ರಿಸಾಲಾ' ಗ್ರಂಥದ ಭಾಗಗಳವು: ವುಝೂ, ಅಝಾನ್, ನಮಾಝಿನ ನಿಯಮಗಳು. ಕಾಗುಣಿತದ ತುಂಬ ತಪ್ಪುಗಳಿವೆ. ಎದುರಿಗೆ ಪುಸ್ತಕವಿಟ್ಟುಕೊಂಡು ಮಾಡಿದ ನಕಲಲ್ಲ ಅದು. ಬಾಲ್ಯದಲ್ಲಿ ಉಸ್ತಾದರ ಮುಂದೆ ಕೂತು ಕಲಿತದ್ದನ್ನು ಕಡಲಾಚೆ ನೆನೆನೆನೆದು ಬರೆದಂತಿದೆ.

ಮೊಮ್ಮಕ್ಕಳ ಕಾಲಕ್ಕೆ ಮನೆಯವರು ಕ್ರೈಸ್ತರಾಗಿದ್ದರು. ಆದರೂ 1930ರ ದಶಕದಲ್ಲಿ ಮರಿಮೊಮ್ಮಗಳು ಕೇಟಿ ಬ್ರೌನ್, ತನ್ನ ಅಜ್ಜಿ ಮಾಡುತ್ತಿದ್ದ ತಿನಿಸೊಂದನ್ನು ನೆನೆದಳು. ರಾತ್ರಿಯಿಡೀ ನೆನೆದ ಅಕ್ಕಿಯನ್ನು ಒರಳಲ್ಲಿ ಕುಟ್ಟಿ, ಜೇನು ಬೆರೆಸಿ, ಕೈಯಲ್ಲೇ ತಟ್ಟಿದ ಬಿಲ್ಲೆ. ಹೆಸರು 'ಸರಾಕಾ'. ನಮ್ಮ ಮನೆಗಳ ಸದಖಾ ಎಂಬ ಮಾತೇ ಅದು. ಅರ್ಥ ಸವೆದುಹೋಗಿ ರುಚಿ ಉಳಿದಿತ್ತು.

ಈಗ ಸಪೆಲೊದಲ್ಲಿ ಆ ವಂಶಗಳ ಕೆಲವೇ ಡಜನ್ ಜನ ಹಾಗ್ ಹ್ಯಾಮಕ್ ಎಂಬ ಹಳ್ಳಿಯಲ್ಲಿದ್ದಾರೆ. 2023ರಲ್ಲಿ ಕೌಂಟಿ ಆಡಳಿತ ಅಲ್ಲಿ ಹಿಂದಿಗಿಂತ ಎರಡು ಪಟ್ಟು ದೊಡ್ಡ ಮನೆ ಕಟ್ಟಲು ಅನುಮತಿ ಕೊಟ್ಟಿತು. ಹಣವಂತರು ಬಂದರೆ ತೆರಿಗೆ ಏರಿ ನೆಲ ಕೈಬಿಡುತ್ತದೆಂದು ಹಳ್ಳಿಯವರು ಹೋರಾಟಕ್ಕಿಳಿದರು. ಈ ವಿಷಯವನ್ನು ಮತದಾರರ ಮುಂದಿಡಬಹುದೆಂದು ರಾಜ್ಯದ ಸುಪ್ರೀಂ ಕೋರ್ಟ್ 2025ರಲ್ಲಿ ತೀರ್ಪು ಕೊಟ್ಟಿತು.