ಸಭೆಯ ಕಡೆಗೆ ತಿರುಗಿದ ಮೇಜು

ಹೊಸ ಬಡಾವಣೆಗಳಲ್ಲಿ ಕ್ರೈಸ್ತ ದೇವಾಲಯ ಕಟ್ಟುವ ಮಾತೆದ್ದಾಗ ಹಿರಿಯರು ಮೊದಲು ಕೇಳುವುದು ಗೋಪುರದ ಎತ್ತರ. ಬೆಂಗಳೂರಿನ ಹಡ್ಸನ್ ಸ್ಮಾರಕ ದೇವಾಲಯ ಕಂಡ ಕಣ್ಣಿಗೆ ಚೂಪು ಕಮಾನಿಲ್ಲದ ಕಟ್ಟಡ ಸಮುದಾಯ ಭವನದಂತೆ ತೋರುತ್ತದೆ. ಆದರೆ ಆಧುನಿಕ ದೇವಾಲಯದ ಗುಟ್ಟು ಇರುವುದು ಹೊರಗೋಡೆಯಲ್ಲಲ್ಲ, ಕರ್ತನ ಭೋಜನದ ಮೇಜಿನಲ್ಲಿ.

1947ರ ಸೆಪ್ಟೆಂಬರ್ 27ರಂದು ಮದರಾಸಿನ ಸೇಂಟ್ ಜಾರ್ಜ್ ಕೆಥೀಡ್ರಲ್‌ನಲ್ಲಿ ಆಂಗ್ಲಿಕನ್, ಮೆಥೊಡಿಸ್ಟ್ ಸಭೆಗಳೂ, ಪ್ರೆಸ್ಬಿಟೇರಿಯನ್ನರು ಮತ್ತು ಕಾಂಗ್ರಿಗೇಷನಲ್‌ನವರು ಮೊದಲೇ ಕೂಡಿದ್ದ ಐಕ್ಯ ಸಭೆಯೂ ಸೇರಿ ದಕ್ಷಿಣ ಇಂಡಿಯಾ ಸಭೆ ಹುಟ್ಟಿತು. ಹಳೇ ಮೈಸೂರು ಸೀಮೆಯಲ್ಲಿ ಹೆಚ್ಚಾಗಿ ದುಡಿದವರು ಮೆಥೊಡಿಸ್ಟರ ವೆಸ್ಲಿಯನ್ ಮಿಷನ್‌ನವರು. ಆಂಗ್ಲಿಕನ್ನರ ನೆಲೆ ಬೆಂಗಳೂರಿನ ದಂಡುಪ್ರದೇಶ.

ದಕ್ಷಿಣ ಇಂಡಿಯಾ ಸಭೆ 1950ರಲ್ಲಿ ಕರ್ತನ ಭೋಜನಕ್ಕೆ ಹೊಸ ಆರಾಧನಾ ಕ್ರಮ ತಂದಿತು. ಅದುವರೆಗೆ ಆಂಗ್ಲಿಕನ್ ದೇವಾಲಯಗಳಲ್ಲಿ ಗುರುಗಳು ಮೇಜಿನ ಪಕ್ಕಕ್ಕೆ, ಇಲ್ಲವೇ ಸಭೆಗೆ ಬೆನ್ನು ಮಾಡಿ ನಿಲ್ಲುವುದು ರೂಢಿ. ಹೊಸ ಕ್ರಮದಲ್ಲಿ ಸಭಾಪಾಲಕರು ಮೇಜಿನ ಹಿಂದೆ ನಿಂತು ಜನರ ಮುಖ ನೋಡಿದರು. ಕೇರಳದ ಸಿರಿಯನ್ ಕ್ರೈಸ್ತರಿಂದ ಬಂದ, ಅಂಗೈಗೆ ಅಂಗೈ ಕೊಟ್ಟು ಸಮಾಧಾನ ಹಂಚುವ ಪದ್ಧತಿಯೂ ಸೇರಿತು. ಆ ಕ್ರಮವನ್ನು ಹೊರದೇಶದ ಸಭೆಗಳೂ ಗಮನವಿಟ್ಟು ಓದಿದವು.

ಕಟ್ಟಡಗಳ ಕಥೆ ಆರಾಧನೆಯ ಈ ಬದಲಾವಣೆಗೆ ಹೊಂದಿಯೇ ನಡೆಯಿತು ಎನ್ನುವಂತಿಲ್ಲ. ದೆಹಲಿ ದಂಡುಪ್ರದೇಶದಲ್ಲಿ ವಾಸ್ತುಶಿಲ್ಪಿ ಆರ್ಥರ್ ಶೂಸ್ಮಿತ್ ಸುಮಾರು 35 ಲಕ್ಷ ಇಟ್ಟಿಗೆಯಿಂದ 1930ರ ಹೊತ್ತಿಗೆ ಎಬ್ಬಿಸಿದ ಸೇಂಟ್ ಮಾರ್ಟಿನ್ ದೇವಾಲಯದಲ್ಲಿ ಅಲಂಕಾರವೇ ಇಲ್ಲ. ಕೋಟೆಯಂಥ ಬರೀ ಗೋಡೆ. ಹೊರಗೆ ಅಷ್ಟು ಹೊಸತು, ಒಳಗೆ ಮಾತ್ರ ಹಳೆಯ ಉದ್ದನೆಯ ಅಂಕಣ. ಆದರೆ ಲಂಡನ್ನಿನ ಬೋ ಕಾಮನ್‌ನಲ್ಲಿ ಯುದ್ಧದ ಬಾಂಬಿಗೆ ಸುಟ್ಟ ದೇವಾಲಯದ ಜಾಗದಲ್ಲಿ ರಾಬರ್ಟ್ ಮ್ಯಾಗ್ವೈರ್, ಕೀತ್ ಮರ್ರಿ 1960ರಲ್ಲಿ ಮುಗಿಸಿದ ಸೇಂಟ್ ಪಾಲ್‌ನಲ್ಲಿ ಮೇಜು ನಡುಭಾಗಕ್ಕೆ ಬಂತು. ಮೇಲಿನ ಗಾಜಿನ ಮಾಡಿನಿಂದ ಬೆಳಕು ಅದರ ಮೇಲೇ ಇಳಿಯುತ್ತದೆ. ನನ್ನ ಮಟ್ಟಿಗೆ ನಿಜವಾದ ಆಧುನಿಕ ದೇವಾಲಯ ಇದು.

ನಮ್ಮ ದಕ್ಷಿಣ ಇಂಡಿಯಾ ಸಭೆಯ ಆರಾಧನಾ ಕ್ರಮದಲ್ಲಿ 1950ರಿಂದಲೂ ಇರುವುದನ್ನು ನಮ್ಮ ನಕ್ಷೆಗಳು ಇನ್ನೂ ಓದಿಕೊಂಡಿಲ್ಲ. ಹೊಸ ಬಡಾವಣೆಗಳಲ್ಲಿ ನಿವೇಶನ ಹಿಡಿದು ಚಂದಾ ಎತ್ತುವ ಸಭೆಗಳಲ್ಲಿ ಒಂದು ಬಿನ್ನಹ: ಎಂಜಿನಿಯರ್ ಗೆರೆ ಎಳೆಯುವ ಮೊದಲು ಮೇಜು ಎಲ್ಲಿ, ಜನ ಅದರ ಸುತ್ತ ಹೇಗೆ ಕೂರುತ್ತಾರೆ ಎಂಬುದನ್ನು ತೀರ್ಮಾನಿಸಿ, ಗೋಪುರಕ್ಕೆ ಹಣ ಉಳಿದರೆ ಆಮೇಲೆ ನೋಡೋಣ.