ರೈಲು ಹವ್ಯಾಸ (ಪಶ್ಚಿಮ ಬೆಂಗಳೂರು)

ರೈಲುಗಳ ವೀಕ್ಷಣೆ, ಛಾಯಾಗ್ರಹಣ, ಮಾದರಿ ತಯಾರಿಕೆ, ಉಗಿಬಂಡಿಗಳ ಅಧ್ಯಯನ ಇದರಲ್ಲಿ ಸೇರುತ್ತವೆ. ಇಲ್ಲಿನ ಆಸಕ್ತರಿಗೆ ಹತ್ತಿರದ ಐತಿಹಾಸಿಕ ಹಳಿ ಕೆಂಗೇರಿ ಮೂಲಕ ಸಾಗುವ ಮೈಸೂರು ಮಾರ್ಗ. 1870ರ ದಶಕದ ಭೀಕರ ಬರದ ಹೊತ್ತಿನಲ್ಲಿ ಪರಿಹಾರ ಕಾಮಗಾರಿಯಾಗಿ ಮೊದಲಾದ ಈ ಮೀಟರ್ ಗೇಜ್ ಮಾರ್ಗ ಮುಂದೆ ಬ್ರಾಡ್ ಗೇಜ್ ಆಯಿತು, ಈಗ ವಿದ್ಯುದೀಕರಣಗೊಂಡಿದೆ. ಉಗಿ ಎಂಜಿನ್ನಿನ ಭವ್ಯತೆ ಅರಿಯಲು ಅದೇ ಹಳಿಯ ಮೇಲೆ ಮೈಸೂರಿಗೆ ಹೋಗಬೇಕು: 1979ರಲ್ಲಿ ಆರಂಭವಾದ ಅಲ್ಲಿನ ರೈಲು ವಸ್ತುಸಂಗ್ರಹಾಲಯದಲ್ಲಿ ಹಳೆಯ ಎಂಜಿನ್‌ಗಳೂ 1899ರ ಮಹಾರಾಣಿ ಸಲೂನ್ ಬೋಗಿಯೂ ಇವೆ.

ಮಾದರಿ ತಯಾರಕರಿಗೆ ನಿಜವಾದ ಸವಾಲು ಅಳತೆಯದು. ಜನಪ್ರಿಯ ‘ಎಚ್‌ಒ’ ಪ್ರಮಾಣ 1:87; ಅದರ 16.5 ಮಿ.ಮೀ. ಹಳಿ ವಿದೇಶಗಳ 1,435 ಮಿ.ಮೀ. ಗೇಜಿಗೆ ಹೊಂದುವಂಥದ್ದು. ಹಳೆಯ ಮೈಸೂರು ಮಾರ್ಗಕ್ಕೆ 12 ಮಿ.ಮೀ., ಇಂದಿನದಕ್ಕೆ ಸುಮಾರು 19 ಮಿ.ಮೀ. ಹಳಿ ಬೇಕು.